ಪರವಲಯದ ತುಂಡು

ಪ್ರಾಚಲ ಸಮೀಕರಣದ ಪಾಠವನ್ನು ನಾನು ವೃತ್ತದಿಂದ ಆರಂಭಿಸುವುದಿಲ್ಲ. ಎಕ್ಸ್ = ಸೈನ್ ಟಿ, ವೈ = ಸೈನ್ ವರ್ಗ ಟಿ ಎಂದು ಕಪ್ಪುಹಲಗೆಯ ಮೇಲೆ ಬರೆದು, ಟಿಯನ್ನು ನಿವಾರಿಸಲು ಹೇಳುತ್ತೇನೆ. ವೈ = ಎಕ್ಸ್ ವರ್ಗ ಬರುತ್ತದೆ; ಪರವಲಯ ಎಂದು ತರಗತಿಯೆಲ್ಲ ಒಪ್ಪುತ್ತದೆ. ಅದನ್ನೇ ಜಿಯೋಜೀಬ್ರಾದಲ್ಲಿ, ಟಿಗೆ 0ಯಿಂದ 2 ಪೈ ವ್ಯಾಪ್ತಿ ಕೊಟ್ಟು ಎಳೆದರೆ, ಎಕ್ಸ್ −1ರಿಂದ 1ರವರೆಗಿನ ತುಂಡು ಮಾತ್ರ ಕಾಣುತ್ತದೆ. ವಿದ್ಯಾರ್ಥಿಗಳು ತಂತ್ರಾಂಶವನ್ನೇ ದೂರುತ್ತಾರೆ. ವ್ಯಾಪ್ತಿ ಹೆಚ್ಚಿಸಿದರೂ ಚಿತ್ರ ಬೆಳೆಯದು.

ಪ್ರಶಿಕ್ಷಣಾರ್ಥಿಗಳು ಇಲ್ಲಿ ಅವಸರಪಟ್ಟು ಉತ್ತರ ಹೇಳಿಬಿಡುತ್ತಾರೆ, ಬೇಡ. ಟಿಗೆ ಸ್ಲೈಡರ್ ಇಟ್ಟು, ಅದೇ ನಿರ್ದೇಶಾಂಕಗಳ ಬಿಂದುವೊಂದನ್ನು ಚಲಿಸಲು ಬಿಡಿ. ಅದು ಬಲತುದಿಗೆ ಹೋಗಿ, ಹಿಂದಿರುಗಿ, ಎಡತುದಿ ಮುಟ್ಟಿ, ಉಯ್ಯಾಲೆಯಂತೆ ಅಷ್ಟರಲ್ಲೇ ಜೀಕುತ್ತದೆ. ಸೈನ್ ಬೆಲೆ 1ನ್ನು ದಾಟದು ಎಂಬ ಮಾತು ಆಗ ವಿದ್ಯಾರ್ಥಿಗಳಿಂದಲೇ ಬರುತ್ತದೆ. ಟಿಯನ್ನು ನಿವಾರಿಸಿದಾಗ ಈ ಮಿತಿಯೂ ಬಿಂದುವಿನ ಓಡಾಟವೂ ಸಮೀಕರಣದಿಂದ ಮರೆಯಾಗಿದ್ದವು. ಮುಂದಿನ ಅವಧಿಗೆ ಎಕ್ಸ್ = ಟಿ ವರ್ಗ, ವೈ = ಟಿಯ ನಾಲ್ಕನೇ ಘಾತ ಕೊಡಿ; ಎಳೆಯುವ ಮೊದಲೇ ಚಿತ್ರವನ್ನು ಊಹಿಸಿ ಬರೆಯಲಿ.