ಕಬ್ಬಿಣದ ಜಾಡು ಹಿಡಿದು ಭದ್ರಾವತಿಗೆ

ಸಿದ್ದಾಪುರದ ನರ್ಸರಿಗಳಲ್ಲಿ ಗಿಡ ಕೊಂಡು, ಹಾಗೇ ಲಾಲ್‌ಬಾಗಿಗೂ ಒಂದು ಸುತ್ತು ಹಾಕುವವರು ಗಾಜಿನ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗಾಜನ್ನು ಹೊತ್ತು ನಿಂತ ಕಬ್ಬಿಣದ ಕಡೆ ಕಣ್ಣು ಹೋಗುವುದು ಅಪರೂಪ. 1889ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟಡದ ಮೂಲ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದು. 1935ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅದಕ್ಕೆ ಪೂರ್ವ ದಿಕ್ಕಿನ ಭಾಗವನ್ನು ಸೇರಿಸಿದರು. ಆ ಹೊತ್ತಿಗೆ ಸಮುದ್ರ ದಾಟುವ ಅಗತ್ಯವಿರಲಿಲ್ಲ. ಉಕ್ಕು ಭದ್ರಾವತಿಯಿಂದ ಬಂತು.

ಆ ಭದ್ರಾವತಿಗೆ ನೋಡಲೆಂದೇ ಹೋಗುವ ಬೆಂಗಳೂರಿಗರು ಎಷ್ಟು ಮಂದಿ? ಜೋಗಕ್ಕೋ ಸಾಗರಕ್ಕೋ ಹೊರಟು ಶಿವಮೊಗ್ಗದ ರೈಲು ಹತ್ತಿದವರಿಗೆ ಭದ್ರಾವತಿ ಎಂದರೆ ಮೇಲಿಟ್ಟ ಲಗೇಜನ್ನು ಕೆಳಗಿಳಿಸಿಕೊಳ್ಳುವ ಹೊತ್ತು, ಅಷ್ಟೇ. ಪ್ರವಾಸದ ಪಟ್ಟಿಗಳಲ್ಲಿ ಊರಿನ ಹೆಸರಿದ್ದರೂ ಅದರ ಕೆಳಗೆ ಒಂದು ದೇವಸ್ಥಾನ, ಒಂದು ಅಣೆಕಟ್ಟು ಎಂದು ಬರೆದು ಮುಗಿಸಿರುತ್ತಾರೆ. ಸುತ್ತಲಿನ ಬೆಟ್ಟ, ಕಾಡು, ಹೊಳೆ, ಕಾಲೊನಿಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಕಬ್ಬಿಣ. ಆ ಜಾಡು ಹಿಡಿದು ಹೊರಟರೆ ಮೂರು ದಿನವೂ ಸಾಲದು.

ಊರಿನ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವ ಮೊದಲೇ ಈ ಹೆಸರಿತ್ತು ಎಂಬುದು ತಮಾಷೆ. ಕುಲುಮೆ ಬಂದ ಮೇಲೆ ಭದ್ರಾ ನದಿಯ ಹೆಸರು ಊರಿಗಾಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. ಬಾಬಾಬುಡನ್ ಸಾಲಿನಲ್ಲಿ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು, ರೈಲು ಹಳಿಯೂ ಇತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ಕಾಡು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರ, ಡಾಂಬರಿನಂಥ ಉಪಉತ್ಪನ್ನಗಳೂ ದಕ್ಕುತ್ತವೆ. ಹೀಗಾಗಿ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಭಟ್ಟಿಯೂ ಸೇರಿತ್ತು. 1923ರ ಜನವರಿ 18ರಂದು ಇದ್ದಿಲಿನ ಊದುಕುಲುಮೆ ಕೆಲಸ ಶುರುಮಾಡಿತು.

ಶುರುವಾದದ್ದು ಕೆಟ್ಟ ಗಳಿಗೆಯಲ್ಲಿ. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಬಿಳಿಯಾನೆ ಸಾಕಿದ್ದಾರೆ ಎಂದು ಟೀಕೆ ಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆದು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರು ಪರದೇಶದ ತಜ್ಞರ ಜಾಗಕ್ಕೆ ಒಬ್ಬೊಬ್ಬರಾಗಿ ಇಲ್ಲಿನ ಎಂಜಿನಿಯರುಗಳನ್ನು ತಂದು, ಖರ್ಚು ಇಳಿಸಿ, ಕಾರ್ಖಾನೆಯನ್ನು ಹಳಿಗೆ ತಂದರು. ಆ ಅವಧಿಯಲ್ಲಿ ಅವರು ಮುಟ್ಟದೆ ಬಿಟ್ಟ ಸಂಬಳದ ಹಣ ಮುಂದೆ ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ, ಅಂದರೆ ಇಂದಿನ ಎಸ್‌ಜೆಪಿಗೆ, ಬುನಾದಿಯಾಯಿತು. ಕೆ.ಆರ್. ವೃತ್ತದ ಆಸುಪಾಸಿನಲ್ಲಿ ಓಡಾಡುವವರಿಗೆ ಭದ್ರಾವತಿ ಅಲ್ಲೂ ಒಂದಿಷ್ಟು ಸಿಗುತ್ತದೆ.

ಸುತ್ತಾಟವನ್ನು ಅದಿರು ಇಳಿದು ಬಂದ ದಾರಿಯಲ್ಲೇ ಶುರುಮಾಡುವುದು ಚೆನ್ನ. ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಪುಟ್ಟ ರೈಲಿನಲ್ಲಿ ಕಾರ್ಖಾನೆಗೆ. ಇಂದು ಅದೇ ಬೆಟ್ಟ ತೋಟಗಾರಿಕೆ ಇಲಾಖೆಯ ಗಿರಿಧಾಮ. ಲಾಲ್‌ಬಾಗನ್ನು ನೋಡಿಕೊಳ್ಳುವುದೂ ಅದೇ ಇಲಾಖೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಈ ಜಾಗ ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಬಂದವರೆಲ್ಲ ಸೂರ್ಯಾಸ್ತ ನೋಡಲು ಜೆಡ್ ಪಾಯಿಂಟಿಗೆ ಓಡುತ್ತಾರೆ, ಮಳೆ ಮುಗಿದ ಮೇಲೆ ಜೀಪು ಹಿಡಿದು ಹೆಬ್ಬೆ ಜಲಪಾತಕ್ಕೆ ಹೋಗುತ್ತಾರೆ. ಎರಡೂ ಒಳ್ಳೆಯವೇ. ಆದರೆ ರಸ್ತೆಯ ಪಕ್ಕದ ದಿಬ್ಬದಲ್ಲಿ ಇಟ್ಟಿಗೆ ಬಣ್ಣದ ಮಣ್ಣು ಕಂಡಾಗ ಒಂದು ನಿಮಿಷ ನಿಲ್ಲಬೇಕು. ಕೆಳಗಿನ ಆ ಊರಿಗೆ ಅನ್ನ ಕೊಟ್ಟದ್ದು ಈ ಕೆಂಪು.

ಬೆಟ್ಟ ಇಳಿದು ತರೀಕೆರೆಗೆ ಬಂದರೆ ಅಮೃತಾಪುರ ಹತ್ತಿರ. ಕಬ್ಬಿಣಕ್ಕೂ ಈ ಊರಿಗೂ ಸಂಬಂಧವಿಲ್ಲ, ನಿಜ. ಆದರೂ ಬಿಟ್ಟು ಹೋಗುವುದು ತಪ್ಪಾದೀತು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಇದು. ಬೇಲೂರಿನ ಗದ್ದಲ ಇಲ್ಲಿಲ್ಲ. ತೆರೆದ ಮಂಟಪದ ಹೊರಗೋಡೆಯ ಸುತ್ತ ಕಥೆಯ ಫಲಕಗಳಿವೆ, ದಕ್ಷಿಣಕ್ಕೆ ಎಪ್ಪತ್ತು, ಉತ್ತರಕ್ಕೆ ಎಪ್ಪತ್ತು. ದಕ್ಷಿಣದ್ದೆಲ್ಲ ರಾಮಾಯಣ, ಅದೂ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಎಂದಿನಂತೆ ಬಲಕ್ಕೆ ಸುತ್ತುತ್ತ ಹೋದವರಿಗೆ ರಾಮನ ಕಥೆ ಹಿಂದುಮುಂದಾಗಿ ಕಾಣುತ್ತದೆ. ಉತ್ತರದಲ್ಲಿ ಕೃಷ್ಣನ ಬಾಲ್ಯದ ಇಪ್ಪತ್ತೈದು ಫಲಕ, ಉಳಿದವು ಮಹಾಭಾರತ. ಅವು ಪ್ರದಕ್ಷಿಣೆಯ ದಾರಿಯಲ್ಲೇ ಇವೆ. ಬೇರೆ ಹೊಯ್ಸಳ ಗುಡಿಗಳಿಗೆ ಹೋಲಿಸಿದರೆ ಫಲಕ ಒಂದೊಂದೂ ದೊಡ್ಡದು, ನಿಧಾನವಾಗಿ ನೋಡಬೇಕು. ಮುಂದೆ ಹೊಯ್ಸಳ ಶಿಲ್ಪಿಗಳಲ್ಲಿ ದೊಡ್ಡ ಹೆಸರಾದ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಇಲ್ಲೇ. ಗುಡಿಯ ಶಾಸನದಲ್ಲಿ ಕವಿ ಜನ್ನನ ಪದ್ಯಗಳೂ ಉಂಟು.

ಭದ್ರಾವತಿ ಒಂದು ಊರಲ್ಲ, ನಾಲ್ಕಾರು ಊರುಗಳ ಗುಂಪು. ಹಳೇನಗರ, ಹೊಸಮನೆ, ಜನ್ನಾಪುರ, ನ್ಯೂಟೌನ್, ಪೇಪರ್‌ಟೌನ್. ಯಾವ ಕಡೆಯವರು ಎಂದು ಕೇಳಿದರೆ ಅರ್ಧ ಚರಿತ್ರೆ ಗೊತ್ತಾಗುತ್ತದೆ. ಹಳೇನಗರದಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಮೂರು ಗರ್ಭಗುಡಿಗಳ ಹೊಯ್ಸಳ ಕಟ್ಟಡ. ಲಕ್ಷ್ಮೀನರಸಿಂಹನ ಜೊತೆಗೆ ವೇಣುಗೋಪಾಲ ಮತ್ತು ಪುರುಷೋತ್ತಮ. ನಕ್ಷತ್ರದಾಕಾರದ ಜಗಲಿಯ ಮೇಲೆ ನಡೆದು ಗೋಡೆ ನೋಡುವುದಕ್ಕೆ ಬೆಳಗಿನ ಹೊತ್ತು ಸರಿ.

ಹೊಳೆಯ ಮೇಲೆ ಹಳೆಯ ಸೇತುವೆಯೂ ಇದೆ, ಹೊಸ ಸೇತುವೆಯೂ ಇದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವುದು ಹೊಸದು. ಆಗ ಜನ ಹಳೆಯದರ ಮೇಲೆ ನಿಂತು ಹೊಸದನ್ನು ನೋಡುತ್ತಾರೆ.

ನ್ಯೂಟೌನಿನದು ಬೇರೆಯದೇ ಗತ್ತು. ಮರಗಳ ಸಾಲಿನ ನೇರ ರಸ್ತೆಗಳು, ಕ್ವಾರ್ಟರ್ಸುಗಳು, ಆಟದ ಮೈದಾನ. ಕಾರ್ಖಾನೆ ಕೊಟ್ಟದ್ದು ಸಂಬಳವನ್ನಷ್ಟೇ ಅಲ್ಲ. ಶಾಲೆ, ಆಸ್ಪತ್ರೆ, ಕ್ಲಬ್ಬು, ಗಣೇಶೋತ್ಸವದ ನಾಟಕ ಎಲ್ಲವೂ ಅದರ ಬೆನ್ನಿಗೇ ಬಂದವು. ಬ್ಯಾಟಿಂಗಿನ ಸೊಗಸಿಗೆ ಹೆಸರಾದ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ನಟ ದೊಡ್ಡಣ್ಣ ಸಿನಿಮಾಕ್ಕೆ ಬರುವ ಮೊದಲು ಇದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕುಟುಂಬಗಳು ಕೆಲಸ ಹುಡುಕಿ ಬಂದು ಇಲ್ಲಿಯವರೇ ಆಗಿಹೋದರು. ಸಿರೋ ಮಲಬಾರ್ ಕ್ರೈಸ್ತರ ಧರ್ಮಪ್ರಾಂತ್ಯವೊಂದು 2007ರಲ್ಲಿ ಭದ್ರಾವತಿಯ ಹೆಸರಿನಲ್ಲೇ ಸ್ಥಾಪನೆಯಾಯಿತು. ಮಲೆನಾಡಿನ ಮನೆಮನೆಗೂ ಊರಿನ ಹೆಸರನ್ನು ಮುಟ್ಟಿಸಿದ್ದು ಮಾತ್ರ 1965ರಲ್ಲಿ ಶುರುವಾದ ಆಕಾಶವಾಣಿ ಕೇಂದ್ರ. ‘ಆಕಾಶವಾಣಿ, ಭದ್ರಾವತಿ’ ಎಂಬ ಎರಡು ಪದ ಕಿವಿಗೆ ಬಿದ್ದರೆ ಈ ಭಾಗದಲ್ಲಿ ಬೆಳೆದವರಿಗೆ ಅಡಿಗೆಮನೆಯ ವಾಸನೆಯೂ ನೆನಪಾಗುತ್ತದೆ.

ಇನ್ನು ಕಾರ್ಖಾನೆ. ಇದ್ದಿಲಿನ ಕಾಲ ಮುಗಿದು, ಜೋಗದ ವಿದ್ಯುತ್ತು ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಎದ್ದವು. ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಸೇರಿ ವಿಐಎಸ್‌ಎಲ್ ಆಯಿತು. 1989ರಲ್ಲಿ ಸೈಲ್ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ಲೀನವಾಯಿತು. ರೈಲಿನ ಅಚ್ಚು, ರಕ್ಷಣಾ ಇಲಾಖೆಗೆ ಬೇಕಾದ ವಿಶೇಷ ಉಕ್ಕು ಇಲ್ಲಿ ತಯಾರಾಗುತ್ತಿತ್ತು. ಸ್ವಂತ ಅದಿರು ಗಣಿ ಇಲ್ಲದ್ದು, ಹಳೆಯ ಯಂತ್ರ, ಹೂಡಿಕೆ ಬಾರದ್ದು ಎಲ್ಲ ಸೇರಿ ನಷ್ಟ ಬೆಳೆಯಿತು. ಮಾರಲು ಹೊರಟರೆ ಕೊಳ್ಳುವವರು ಸಿಗಲಿಲ್ಲ. ಕುಲುಮೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಕೂತರು, ಆ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಪುನಶ್ಚೇತನದ ಮಾತು ಆಮೇಲೂ ನಿಂತಿಲ್ಲ. ಆದ್ದರಿಂದ ಊರಿನವರ ಎದುರು ‘ಮುಚ್ಚಿಹೋದ ಕಾರ್ಖಾನೆ’ ಎಂದು ಸಲೀಸಾಗಿ ಅಂದುಬಿಡಬಾರದು. ಪೇಪರ್‌ಟೌನಿನ ಕಥೆ ಇನ್ನೂ ಖಾರ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ನ್ಯೂಸ್‌ಪ್ರಿಂಟಿನ ಮೇಲೆ ಕನ್ನಡದ ಎಷ್ಟೋ ಪತ್ರಿಕೆಗಳು ಅಚ್ಚಾದವು. ಕಳೆದ ದಶಕದ ನಡುವೆ ಅದರ ಯಂತ್ರಗಳು ನಿಂತವು.

ಪ್ರವಾಸಿಗರಿಗೆ ಇಲ್ಲೇ ನಿರಾಸೆ. ಊರಿಗೆ ಹೆಸರು ತಂದ ಕಾರ್ಖಾನೆಯನ್ನು ಟಿಕೆಟ್ ಕೊಂಡು ಒಳಹೊಕ್ಕು ನೋಡುವಂತಿಲ್ಲ. ರಸ್ತೆಯಿಂದ ಚಿಮಣಿ, ಶೆಡ್ಡುಗಳ ಮಾಡು ಕಾಣುತ್ತವೆ, ಅಷ್ಟೆ. ಜರ್ಮನಿಯ ಫೋಲ್ಕ್ಲಿಂಗನ್ ಎಂಬಲ್ಲಿನ ಕಬ್ಬಿಣ ಕಾರ್ಖಾನೆ 1986ರಲ್ಲಿ ನಿಂತಿತು, 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದೇಶದ ಡೂಯಿಸ್‌ಬರ್ಗ್‌ನಲ್ಲಿ ಹಳೆಯ ಉಕ್ಕಿನ ಸ್ಥಾವರ ಉದ್ಯಾನವಾಗಿದೆ. ಅದಿರು ತುಂಬಿಡುತ್ತಿದ್ದ ಗೋಡೆಗಳನ್ನು ಹುಡುಗರು ಹಗ್ಗ ಕಟ್ಟಿ ಏರುತ್ತಾರೆ, ಅನಿಲದ ತೊಟ್ಟಿಗೆ ನೀರು ತುಂಬಿಸಿ ಮುಳುಗು ಈಜು ಕಲಿಸುತ್ತಾರೆ. ಅಮೆರಿಕದ ಬೆತ್ಲೆಹೆಮ್‌ನಲ್ಲಿ ತಣ್ಣಗಾದ ಕುಲುಮೆಗಳ ಮುಂದೆಯೇ ಸಂಗೀತದ ವೇದಿಕೆ ಕಟ್ಟಿದ್ದಾರೆ. ಭದ್ರಾವತಿಯಲ್ಲಿ ಅಷ್ಟೆಲ್ಲ ಬೇಡ. ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕುವ ನಾಡು, ಆ ಒಂದು ದಿನ ಗೇಟು ತೆರೆದು, ನಿವೃತ್ತ ಕಾರ್ಮಿಕರ ಕೈಯಲ್ಲೇ ಒಳಗಿನದನ್ನು ತೋರಿಸಿದರೆ ಏನೂ ಕಳೆದುಹೋಗದು. ಕುಲುಮೆಯ ಬಾಯಿಗೆ ನಿಂತು ದುಡಿದವರು ಇನ್ನೂ ಊರಿನಲ್ಲಿದ್ದಾರೆ. ಕಾರ್ಖಾನೆಯ ವಿಷಯ ಎತ್ತಿದರೆ ಕಾಫಿ ಆರಿದರೂ ಮಾತು ಆರುವುದಿಲ್ಲ.

ಊರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ. ಜನರ ಬಾಯಲ್ಲಿ ಬಿಆರ್‌ಪಿ. ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ; ಮುಂಗಾರಿನಲ್ಲಿ ಭದ್ರಾವತಿಯಿಂದ ದಾವಣಗೆರೆಯವರೆಗಿನ ರೈತರು ದಿನಾ ಬೆಳಿಗ್ಗೆ ಕೇಳುವ ಅಂಕಿ ಆ 186. ಜಲಾಶಯದ ಹಿಂದಿನದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, 1998ರಲ್ಲಿ ಘೋಷಣೆಯಾದದ್ದು. ಇದ್ದಿಲಿಗಾಗಿ ಕಾರ್ಖಾನೆ ಮರ ತರಿಸಿಕೊಂಡದ್ದು ಭದ್ರೆಯ ಈ ಕಾಡುಸೀಮೆಯಿಂದಲೇ. ಕೊಡಲಿ ಬಿದ್ದ ನಾಡಿನಲ್ಲಿ ಈಗ ಹುಲಿಯ ಎಣಿಕೆ ನಡೆಯುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಂತೆ ಜಲಾಶಯದ ನಡುವೆ ಬೋಳು ದಿಬ್ಬಗಳು ಮೇಲೆ ಬರುತ್ತವೆ. ಅಲ್ಲಿಗೆ ಸಾವಿರಗಟ್ಟಲೆ ನದಿ ರೀವಗಳು ಸಂಸಾರ ಹೂಡಲು ಬರುತ್ತವೆ. ಬೂದು ಬಿಳುಪಿನ ಮೈ, ಕಪ್ಪು ಟೋಪಿ, ಹಳದಿ ಕೊಕ್ಕು. ಗೂಡು ಎಂದು ಹೇಳುವಂಥದ್ದೇನೂ ಇಲ್ಲ. ಬರಿ ನೆಲದ ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ್ದೇ ಮೊಟ್ಟೆ. ದೋಣಿ ಸ್ವಲ್ಪ ಹತ್ತಿರ ಹೋದರೂ ಇಡೀ ದಿಬ್ಬವೇ ಚೀರುತ್ತ ಮೇಲೇಳುತ್ತದೆ, ಹಾಗಾಗಿ ದೂರದಿಂದಲೇ ನೋಡಬೇಕು. ಜಂಗಲ್ ಲಾಡ್ಜಸ್‌ನವರು ಲಕ್ಕವಳ್ಳಿಯಲ್ಲಿ ನಡೆಸುವ ವಸತಿಧಾಮಕ್ಕೆ ಈ ಹಕ್ಕಿಯ ಇಂಗ್ಲಿಷ್ ಹೆಸರನ್ನೇ ಇಟ್ಟಿದ್ದಾರೆ, ರಿವರ್ ಟರ್ನ್. ದೋಣಿಯೂ ಜೀಪ್ ಸಫಾರಿಯೂ ಅಲ್ಲಿಂದಲೇ ಹೊರಡುತ್ತವೆ. ಅಷ್ಟು ಖರ್ಚು ಬೇಡದವರು ಪಕ್ಕದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಆವರಣವನ್ನು ನಡೆದು ನೋಡಬಹುದು. 1987ರಲ್ಲಿ ಸ್ಥಾಪನೆಯಾದ ಇದರಷ್ಟು ಕಾಡಿನ ಮಗ್ಗುಲಲ್ಲಿರುವ ವಿಶ್ವವಿದ್ಯಾಲಯಗಳು ನಾಡಿನಲ್ಲಿ ಕಡಿಮೆ.

ಸಮಯ ಉಳಿದರೆ ಹೊಳೆಹೊನ್ನೂರಿನ ಕಡೆಯಿಂದ ಕೂಡ್ಲಿಗೆ ಹೋಗಿಬರಬಹುದು. ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುವ ಜಾಗ. ರಾಮೇಶ್ವರ, ಸಂಗಮೇಶ್ವರ ಗುಡಿಗಳಿವೆ. ಕಾಲವನ್ನು ಮಾತ್ರ ನೋಡಿಕೊಂಡು ಹೊರಡಬೇಕು. ಹಕ್ಕಿಗಳಿಗಾಗಿ ಹೋಗುವವರಿಗೆ ಮಾರ್ಚ್, ಏಪ್ರಿಲ್. ಹೆಬ್ಬೆಯ ನೀರು, ಕೆಮ್ಮಣ್ಣುಗುಂಡಿಯ ಹಸಿರು ಬೇಕೆನ್ನುವವರಿಗೆ ಅಕ್ಟೋಬರ್, ನವೆಂಬರ್. ಎರಡೂ ಒಂದೇ ಪ್ರಯಾಣದಲ್ಲಿ ಸಿಗುವುದಿಲ್ಲ. ಬೆಂಗಳೂರಿನಿಂದ ಅರಸೀಕೆರೆ, ಬೀರೂರು, ತರೀಕೆರೆ ಮಾರ್ಗವಾಗಿ ಶಿವಮೊಗ್ಗ ಕಡೆಗೆ ಹೋಗುವ ರೈಲುಗಳು ಭದ್ರಾವತಿಯಲ್ಲಿ ನಿಲ್ಲುತ್ತವೆ. ಬೆಟ್ಟದಿಂದ ಶುರುಮಾಡುವವರು ತರೀಕೆರೆಯಲ್ಲೇ ಇಳಿದು, ಹಿಂತಿರುಗುವಾಗ ಭದ್ರಾವತಿಯಲ್ಲಿ ಹತ್ತಿದರೆ ಒಂದೇ ದಾರಿಯನ್ನು ಎರಡು ಸಲ ಸವೆಸುವುದು ತಪ್ಪುತ್ತದೆ.