ವಿಶೇಷ ಶಿಕ್ಷಣದ ಪದವಿ: ಸೇರುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪಿ.ಯು.ಸಿ. ಫಲಿತಾಂಶ ಬಂದೊಡನೆ ನಮ್ಮ ಕರಾವಳಿಯ ಮನೆಗಳಲ್ಲಿ ನರ್ಸಿಂಗ್, ಇಂಜಿನಿಯರಿಂಗ್, ಬಿ.ಕಾಂ. ಎಂಬ ಮಾತು ಆರಂಭವಾಗುತ್ತದೆ. ವಿಶೇಷ ಮಕ್ಕಳ ಶಿಕ್ಷಕಿಯಾಗುತ್ತೇನೆ ಎಂದು ಮಗಳು ಹೇಳಿದರೆ "ಒಳ್ಳೆಯ ಸೇವೆ" ಎಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಅದು ಸೇವೆ ಹೌದು. ಆದರೆ ಕಾನೂನಿನ ಪ್ರಕಾರ ಅದೊಂದು ವೃತ್ತಿ ಕೂಡ. ವೈದ್ಯರಿಗೆ, ವಕೀಲರಿಗೆ ಇರುವಂತೆ ಅದಕ್ಕೂ ನೋಂದಣಿ ಇದೆ.

1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಂತೆ, ಪರಿಷತ್ತಿನ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ದಾಖಲಾಗದೆ ಈ ವೃತ್ತಿ ನಡೆಸುವುದು ಅಪರಾಧ. ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ದಂಡದ ಮೊತ್ತ ಇಂದು ಚಿಕ್ಕದೇ. ಆದರೆ ಮಾನ್ಯತೆ ಇಲ್ಲದ ಕೋರ್ಸ್ ಓದಿದವರು ಕಳೆದುಕೊಳ್ಳುವ ವರ್ಷಗಳು ಚಿಕ್ಕವಲ್ಲ. ದೊಡ್ಡ ಸರ್ಕಾರಿ ವಿಶ್ವವಿದ್ಯಾನಿಲಯದ ಹೆಸರಿದ್ದರೆ ಸಾಕೆಂದು ಅನೇಕ ಹೆತ್ತವರು ತಿಳಿದಿದ್ದಾರೆ. ಅಷ್ಟು ಸಾಲದು. ಪರಿಷತ್ತು ಒಪ್ಪಿಗೆ ಕೊಡುವುದು ಆಯಾ ಸಂಸ್ಥೆಯ ಆಯಾ ಕೋರ್ಸಿಗೆ, ಇಷ್ಟು ಸೀಟು, ಇಷ್ಟು ವರ್ಷ ಎಂಬ ಮಿತಿಯೊಂದಿಗೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪರಿಷತ್ತಿನ ಜಾಲತಾಣದಲ್ಲಿರುವ ಪಟ್ಟಿಯನ್ನು ನೋಡಲೇಬೇಕು.

ನಮಗೆ ಹತ್ತಿರದ ಉದಾಹರಣೆ ಮೈಸೂರಿನದು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಪಕ್ಕದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಸಚಿವಾಲಯದ ಸಂಸ್ಥೆ. ಶ್ರವಣದೋಷದ ಮಕ್ಕಳಿಗೆ ಕಲಿಸುವವರಿಗಾಗಿ ಬಿ.ಎಡ್. ಮತ್ತು ಎಂ.ಎಡ್. ಶಿಕ್ಷಣ ಇಲ್ಲಿ ನಡೆಯುತ್ತಾ ಬಂದಿದೆ. ಪದವಿ ಕೊಡುವುದು ವಿಶ್ವವಿದ್ಯಾನಿಲಯ. ಅದೇ ಆವರಣದಲ್ಲಿ ಚಿಕ್ಕಮಕ್ಕಳ ಶಾಲೆಯೂ ಇದೆ, ಅಲ್ಲಿ ತಾಯಂದಿರಿಗೂ ತರಬೇತಿ ಸಿಗುತ್ತದೆ. ಮಗು ಶಿಕ್ಷಕಿಯ ಬಳಿ ಇರುವುದು ದಿನಕ್ಕೆ ಕೆಲವೇ ಗಂಟೆ, ಉಳಿದ ಹೊತ್ತೆಲ್ಲ ಮನೆಯಲ್ಲಿ. ಹಾಗಾಗಿ ತಾಯಿಗೆ ಕಲಿಸುವುದು ಮಗುವಿಗೆ ಕಲಿಸುವಷ್ಟೇ ಮುಖ್ಯ ಎಂಬುದು ಈ ಓದಿನ ಮೊದಲ ಪಾಠಗಳಲ್ಲೊಂದು.

ಅಲ್ಲಿ ಏನು ಕಲಿಸುತ್ತಾರೆ? ಒಂದು ಚಿಕ್ಕ ವಿಷಯವನ್ನೇ ನೋಡೋಣ. ಬೆಳಿಗ್ಗೆ ಪಾಠಕ್ಕೆ ಮೊದಲು ಶಿಕ್ಷಕಿ ಬಾಯಿ ಮರೆಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳುತ್ತಾರೆ. ಕೇಳಿಸಿದಾಗ ಮಗು ಡಬ್ಬಿಯೊಳಗೆ ಮಣಿ ಹಾಕಬೇಕು. ಮಾತಿನ ತಗ್ಗು ಧ್ವನಿಯಿಂದ ಏರು ಧ್ವನಿಯವರೆಗೆ ಎಲ್ಲವೂ ಈ ಆರರಲ್ಲಿ ಬರುತ್ತವೆ. ನಿನ್ನೆ 'ಸ್' ಕೇಳಿಸಿಕೊಂಡ ಮಗು ಇಂದು ಸುಮ್ಮನಿದ್ದರೆ ಶ್ರವಣಯಂತ್ರದ ಬ್ಯಾಟರಿ ಇಳಿದಿರಬಹುದು, ಕಿವಿಯ ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು, ಶೀತವಾಗಿರಬಹುದು. ಅದನ್ನು ಗಮನಿಸದೆ ಪಾಠ ಮುಂದುವರಿಸಿದರೆ ಊಟದ ತಟ್ಟೆಯ ಮುಂದೆ "ಸಾಕು" ಎಂದದ್ದೂ "ಹಾಕು" ಎಂದದ್ದೂ ಆ ಮಗುವಿಗೆ ಒಂದೇ ಆಗಿ ಕೇಳಿಸಬಹುದು. ಪರೀಕ್ಷೆಗೆ ಎರಡು ನಿಮಿಷ ಸಾಕು. ಆದರೆ ತರಬೇತಿ ಇಲ್ಲದವರಿಗೆ, ಎಷ್ಟೇ ಪ್ರೀತಿ ಇದ್ದರೂ, ಇದು ಹೊಳೆಯುವುದಿಲ್ಲ. ಮಗು ಹಟಮಾರಿ ಎಂದೇ ಅವರು ತಿಳಿಯುತ್ತಾರೆ.

ದೃಷ್ಟಿದೋಷದ ವಿಭಾಗ ಆರಿಸಿಕೊಂಡವರು ಬ್ರೈಲ್ ಕಲಿಯಬೇಕು. ಆರು ಚುಕ್ಕಿಗಳ ಆ ಲಿಪಿಯಲ್ಲಿ ಕನ್ನಡವೂ ಇದೆ. ಬೌದ್ಧಿಕ ಅಸಾಮರ್ಥ್ಯದ ವಿಭಾಗದಲ್ಲಿ ಹಲ್ಲುಜ್ಜುವಂಥ ಕೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಕಲಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಒಂದು ವಿಭಾಗದ ಪದವೀಧರರು ಎಲ್ಲ ಮಕ್ಕಳಿಗೂ ಪರಿಣತರಾಗುವುದಿಲ್ಲ. ಆದ್ದರಿಂದ ಅರ್ಜಿ ಹಾಕುವ ಮುನ್ನ ವಿಶೇಷ ಶಾಲೆಯೊಂದರಲ್ಲಿ ಒಂದು ವಾರ ಇದ್ದು ಬರುವುದು ಉತ್ತಮ. ಕೋರ್ಸಿನ ಅವಧಿಯೂ ಬದಲಾಗುತ್ತಾ ಬಂದಿದೆ. ಒಂದು ವರ್ಷದ ಬಿ.ಎಡ್. 2015ರಲ್ಲಿ ಎರಡು ವರ್ಷದ್ದಾಯಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷಗಳ ಸಂಯೋಜಿತ ಪದವಿಗೆ ಒತ್ತು ಕೊಟ್ಟಿತು. ಅಕ್ಕನ ಕಾಲದ ಮಾಹಿತಿ ತಂಗಿಗೆ ಹೊಂದಲಾರದು.

ಕೆಲಸ ಸಿಗುತ್ತದೆಯೇ ಎಂಬುದು ಹೆತ್ತವರ ನ್ಯಾಯವಾದ ಪ್ರಶ್ನೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಿದ್ದವು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿತು. ಕಲಿಕಾ ತೊಂದರೆ, ಆಟಿಸಂ ಈಗ ಪಟ್ಟಿಯಲ್ಲಿವೆ. ಅಂದರೆ ಈ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ, ನಮ್ಮ ಶಾಲೆಗಳಲ್ಲೂ, ಇದ್ದಾರೆ. ಸುಪ್ರೀಂ ಕೋರ್ಟಿನ 2021ರ ತೀರ್ಪಿನ ಬಳಿಕ 2022ರಲ್ಲಿ ಕೇಂದ್ರ ಸರ್ಕಾರವು ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಗೊತ್ತುಪಡಿಸಿತು. ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸುವಂತೆ 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು. ಹುದ್ದೆ ತುಂಬುವ ಕೆಲಸ ಎಷ್ಟು ನಿಧಾನ ಎಂಬುದು ಇದರಿಂದಲೇ ತಿಳಿಯುತ್ತದೆ. ಆದರೂ ಅರ್ಹತೆ ಇದ್ದವರಿಗೆ ಮಾತ್ರ ಆ ಹುದ್ದೆ.

ಪದವಿ ಮುಗಿದ ಮೇಲೆ ರಿಜಿಸ್ಟರಿನಲ್ಲಿ ಹೆಸರು ದಾಖಲಿಸಿ ಸಂಖ್ಯೆ ಪಡೆಯಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಶಾಲೆಗಳ ಸಂಚಾಲಕರು ನೇಮಕಾತಿಗೆ ಮುನ್ನ ಆ ಸಂಖ್ಯೆಯನ್ನು ಕೇಳಿ ಪಡೆಯಲಿ. ಅಭ್ಯರ್ಥಿಗಳು ಸಂಬಳ ಎಷ್ಟೆಂದು ಕೇಳಲು ಸಂಕೋಚಪಡಬೇಕಾಗಿಲ್ಲ; ಸೇವೆ ಎಂಬ ಮಾತು ಕಡಿಮೆ ಸಂಬಳಕ್ಕೆ ನೆಪವಾಗಬಾರದು.