ಗುಡಿಯ ಮೇಲಣ ಘೋರಮುಖ

ಹಳೆಯ ಶಿವಾಲಯದ ಮುಂದೆ ನಿಂತ ಮಕ್ಕಳು ತಲೆಯೆತ್ತಿ ನೋಡಿ ಕೇಳುವ ಪ್ರಶ್ನೆಯೊಂದುಂಟು: ‘ದೇವರ ಗುಡಿಯ ಮೇಲೆ ಈ ರಾಕ್ಷಸನ ಮುಖವೇಕೆ?’ ಗುಡ್ಡೆಗಣ್ಣು, ಉಬ್ಬಿದ ಕೆನ್ನೆ, ಕೋರೆಹಲ್ಲು. ಮೈಯಂತೂ ಇಲ್ಲವೇ ಇಲ್ಲ. ‘ದೃಷ್ಟಿ ತಾಗದಿರಲೆಂದು’ ಎಂದು ಹೇಳಿ ಹಿರಿಯರು ಮುಂದೆ ನಡೆಯುತ್ತಾರೆ. ಆದರೆ ಉತ್ತರವು ಅಷ್ಟಕ್ಕೇ ಮುಗಿಯುವುದಿಲ್ಲ.

ಇದರ ಹೆಸರು ಕೀರ್ತಿಮುಖ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ.ಶ. 1112ರಲ್ಲಿ ಕಟ್ಟಿಸಿದ ದೇವಾಲಯದಲ್ಲಿಯೂ, ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿಯೂ ಇದರ ಸೊಗಸಾದ ಕೆತ್ತನೆಗಳಿವೆ.

ಇದರ ಕಥೆಯನ್ನು ಶಿವಪುರಾಣವು ಹೇಳುತ್ತದೆ. ಅಸುರರಾಜ ಜಲಂಧರನ ದೂತನಾಗಿ ಬಂದ ರಾಹುವು ಪಾರ್ವತಿಯನ್ನು ತನ್ನ ಒಡೆಯನಿಗೆ ಒಪ್ಪಿಸುವಂತೆ ಶಿವನನ್ನೇ ಕೇಳಿದನು. ಒಡನೆಯೇ ಶಿವನ ಹುಬ್ಬುಗಳ ನಡುವಿನಿಂದ ಸಿಂಹಮುಖದ ಗಣವೊಂದು ಹೊರಹೊಮ್ಮಿ ರಾಹುವನ್ನು ನುಂಗಲು ಧಾವಿಸಿತು. ರಾಹುವು ಹೆದರಿ ಶಿವನಿಗೇ ಶರಣಾದನು, ಶಿವನು ಅಭಯವಿತ್ತನು. ‘ಹಾಗಾದರೆ ನನ್ನ ಹಸಿವಿಗೇನು ಗತಿ?’ ಎಂದು ಗಣವು ಮೊರೆಯಿಟ್ಟಿತು. ‘ನಿನ್ನ ಮಾಂಸವನ್ನೇ ತಿನ್ನು’ ಎಂದು ಅಪ್ಪಣೆಯಾಯಿತು. ಅದು ಕೈಕಾಲುಗಳನ್ನೂ ಒಡಲನ್ನೂ ತಿಂದು ಮುಗಿಸಲು, ತಲೆಯೊಂದೇ ಉಳಿಯಿತು. ಶಿವನು ಮೆಚ್ಚಿ ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಲ್ಲಿ ನಿಲಿಸಿದನು.

ಇಂಥ ವಿಕಾರರೂಪಗಳನ್ನು ಒಲ್ಲದ ಸಾಧಕರೂ ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಕ್ಲೇರ್ವೋ ಮಠದ ಅಧಿಪತಿ ಸಂತ ಬರ್ನಾರ್ಡನು (1090–1153), ಮಠಗಳಲ್ಲಿ ಕೆತ್ತಿದ ವಿಚಿತ್ರ ಪ್ರಾಣಿಗಳು ಸಾಧಕರ ಮನಸ್ಸನ್ನು ಓದಿನಿಂದಲೂ ಧ್ಯಾನದಿಂದಲೂ ಸೆಳೆಯುತ್ತವೆಂದು ಆಕ್ಷೇಪಿಸಿದನು. ಅದೇ ಶತಮಾನದಲ್ಲಿ ನಮ್ಮ ಬಸವಣ್ಣನವರು ಕಲ್ಲಿನ ಗುಡಿಯಿಂದ ನಮ್ಮ ದೃಷ್ಟಿಯನ್ನು ತಿರುಗಿಸಿ, ಶರೀರವನ್ನೇ ಗುಡಿಯಾಗಿ ಕಾಣಿಸಿದರು.

ಹಾಗಾದರೆ ಇಷ್ಟಲಿಂಗವನ್ನು ಧರಿಸಿದ ನಮಗೆ ಈ ಕಲ್ಲಿನ ಮುಖದಿಂದ ಏನು ಪ್ರಯೋಜನ? ಶರೀರವು ಗುಡಿಯಾದರೆ ಅದರ ಕೀರ್ತಿಮುಖವೆಲ್ಲಿ ಎಂದು ನಾವು ಕೇಳಿಕೊಳ್ಳಬೇಕು. ಕೋಪವು ಹುಟ್ಟುವುದು ನ್ಯಾಯಕ್ಕಾಗಿಯೇ ಇರಬಹುದು. ರಾಹುವಿನ ಮಾತು ಅಂಥದೇ ಆಗಿತ್ತು. ಆದರೆ ತಪ್ಪಿತಸ್ಥನು ಶರಣುಬಂದ ಮೇಲೂ ಹಸಿದು ನಿಂತ ಕೋಪಕ್ಕೆ ಆಹಾರ ಯಾವುದು? ನಮ್ಮ ಮನೆಗಳಲ್ಲಿ ಅದು ಸೊಸೆಯನ್ನೋ ಮಕ್ಕಳನ್ನೋ ತಿನ್ನುತ್ತದೆ. ಅಣ್ಣತಮ್ಮಂದಿರ ನಡುವೆ ಗೋಡೆಯನ್ನೆಬ್ಬಿಸುತ್ತದೆ. ತನ್ನನ್ನೇ ತಿಂದು ತೀರಿದ ಕೋಪವಾದರೋ ಬಾಗಿಲ ಕಾವಲಾಗುತ್ತದೆ.

ಜೀರ್ಣೋದ್ಧಾರದ ಉತ್ಸಾಹದಲ್ಲಿ ಈ ಮುಖಗಳಿಗೆ ಎಣ್ಣೆಬಣ್ಣ ಬಳಿದು ಉಳಿಯ ಗೆರೆಗಳನ್ನು ಮುಚ್ಚುವವರುಂಟು. ದಯವಿಟ್ಟು ಹಾಗೆ ಮಾಡದಿರಿ. ಮುಂದಿನ ಸಲ ಮಗುವು ಕೇಳಿದಾಗ, ಆ ಮುಖವನ್ನು ತೋರಿಸಿ ಕಥೆಯನ್ನು ಪೂರ್ತಿಯಾಗಿ ಹೇಳಿರಿ.